ಕೆರೆಕೋಡಿ ಪಾರ್ಕಿನ ಒಂಬತ್ತು ಅಡಿಕೆ ಹಾಳೆಗಳು

ಬೆಳಗಿನ ಐದೂಮುಕ್ಕಾಲು. ಸಾಗರದ ಕೆರೆಕೋಡಿ ಬಡಾವಣೆಯ ಪಾರ್ಕಿನಲ್ಲಿ ವೇದಾವತಿ ಕಣ್ಣು ಮುಚ್ಚಿಕೊಂಡು ನಡೆಯುತ್ತಿದ್ದಾರೆ. ಪೊರಕೆ ಕಂಕುಳಲ್ಲಿದೆ, ಚಪ್ಪಲಿ ಗೇಟಿನ ಹತ್ತಿರವೇ ಉಳಿದಿದೆ. ರಾತ್ರಿಯ ಮಳೆ ನಿಂತಿದೆ, ಮರದ ಹನಿ ನಿಂತಿಲ್ಲ. ರಂಜಲು ಮರದ ಬುಡದಲ್ಲಿ ಕವುಚಿಟ್ಟ ಅಡಿಕೆ ಹಾಳೆಯ ಮೇಲೆ ಹನಿ ಬಿದ್ದು 'ಟಪ್' ಎಂದಾಗ ಎಡಕ್ಕೆ ತಿರುಗುತ್ತಾರೆ. ಕಲ್ಲುಬೆಂಚಿನ ಪಕ್ಕದ ದೊಡ್ಡ ಹಾಳೆ 'ಢಬ್' ಎನ್ನುತ್ತದೆ. ತಾವರೆಕೊಳದ ಹತ್ತಿರ ಬಂದವರು ಗಕ್ಕನೆ ನಿಲ್ಲುತ್ತಾರೆ. ಅಲ್ಲಿಯ ಹಾಳೆ ಸದ್ದೇ ಮಾಡುತ್ತಿಲ್ಲ.

ಇದೆಂಥ ಹುಚ್ಚು ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ, ಬಡಾವಣೆಯವರಿಗೂ ಹಾಗೇ ಅನ್ನಿಸಿತ್ತು. ಐವತ್ತೆರಡರ ವೇದಾವತಿ ಹನ್ನೊಂದು ವರ್ಷದಿಂದ ಈ ಪಾರ್ಕು ಗುಡಿಸುತ್ತಿದ್ದಾರೆ. ಬೇಸಗೆಯಲ್ಲಿ ದಿನಕ್ಕೆ ಎಂಟು ಬುಟ್ಟಿ ಒಣಗಿದೆಲೆ ಎತ್ತುತ್ತಾರೆ. ಆದರೆ ದಾರಿಯ ಎರಡೂ ಅಂಚಿನಲ್ಲಿ ಒಂದು ಗೇಣು ಅಗಲ ಎಲೆಯನ್ನು ಬೇಕೆಂದೇ ಬಿಡುತ್ತಾರೆ. ಅದು ಗಜಾನನ ಅವರಿಗಾಗಿ. ಮೂವತ್ತು ವರ್ಷ ಊರೆಲ್ಲ ತಿರುಗಿ ಅಂಚೆ ಹಂಚಿದ ಗಜಾನನರಿಗೆ ನಿವೃತ್ತಿಯ ನಂತರ ದೃಷ್ಟಿ ಪೂರ್ತಿ ಹೋಯಿತು. ಯಾರ ಕೈಯನ್ನೂ ಹಿಡಿಯದೆ ಅವರು ನಡೆಯುವುದು ಈ ಪಾರ್ಕಿನ ಒಂದು ಸುತ್ತು ಮಾತ್ರ. ಅವರ ಲೆಕ್ಕದಲ್ಲಿ ಮುನ್ನೂರ ಹನ್ನೆರಡು ಹೆಜ್ಜೆ. ಕಾಲಡಿ ಎಲೆ ಚರಚರ ಎಂದರೆ ಅಂಚಿಗೆ ಬಂದೆನೆಂದು ತಿಳಿದು ನಡುವಿಗೆ ಸರಿಯುತ್ತಾರೆ.

ಮಳೆಗಾಲದಲ್ಲಿ ಒದ್ದೆ ಎಲೆಗೆ ಬಾಯಿ ಇರುವುದಿಲ್ಲ. ಅದಕ್ಕೇ ಹಾಳೆ. "ನಮ್ಮನೆ ಸೂರಿನಡಿ ಒಂದ್ ಹಾಳೆ ಬಿದ್ದಿತ್ತು. ಅದ್ರ ಮೇಲೆ ನೀರು ಬಿದ್ದು ಬಿದ್ದು ನಿದ್ದೇನೇ ಬರ್ಲಿಲ್ಲ. ಬೆಳಿಗ್ಗೆ ಬೈಕಂಡೇ ಎತ್ಕಂಡ್ ಬಂದು ಇಲ್ಲಿಟ್ಟೆ" ಎಂದು ವೇದಾವತಿ ನಗುತ್ತಾರೆ. ಈಗ ಅವು ಒಂಬತ್ತಾಗಿವೆ, ತಿರುವಿಗೊಂದರಂತೆ.

ಎಡವಟ್ಟಾದದ್ದು ಹೋದ ತಿಂಗಳು. ವೇದಾವತಿ ಮೂರು ದಿನ ಹೊಸನಗರಕ್ಕೆ, ಬಾಣಂತಿ ಮಗಳನ್ನು ನೋಡಲು ಹೋಗಿದ್ದರು. ಬದಲಿಗೆ ಬಂದ ಗಿರಿಯಪ್ಪ ಪಾಪ, ಒಳ್ಳೆಯದನ್ನೇ ಮಾಡಲು ಹೋಗಿ ಒಂಬತ್ತೂ ಹಾಳೆಗಳನ್ನು ಕಸವೆಂದು ಎಸೆದರು. ಮರುದಿನ ಗಜಾನನ ನೆಟ್ಟಗೆ ಕೊಳಕ್ಕೆ ಇಳಿದರು, ಮೊಣಕಾಲಿನವರೆಗೆ. ಬಡಾವಣೆ ಸಂಘದ ಅಧ್ಯಕ್ಷ ವಿಘ್ನೇಶ್ವರ ಖಡಾಖಂಡಿತವಾಗಿ ಹೇಳಿಬಿಟ್ಟರು: ಪಾರ್ಕಿನಲ್ಲಿ ಹಾಳೆಯೂ ಬೇಡ, ಕಣ್ಣು ಕಾಣದವರು ಒಬ್ಬರೇ ಬರುವುದೂ ಬೇಡ. ಅಂದಿನಿಂದ ಗಜಾನನ ಮನೆಯ ಜಗಲಿಯಲ್ಲೇ ಕುಳಿತರು.

ಅಧ್ಯಕ್ಷರ ಎದುರು ಎಂದೂ ಬಾಯಿ ಬಿಡದ ವೇದಾವತಿ ಅವರ ಮನೆಯ ಅಂಗಳಕ್ಕೇ ಹೋದರು. "ಒಂದ್ಸಲ ನೀವೇ ಬಂದು ನೋಡಿ. ಅವರು ಎಡವಿದ್ರೆ ಹಾಳೇನೂ ತೆಗಿತೀನಿ, ನಾನೂ ಪೊರಕೆ ಕೆಳಗಿಡ್ತೀನಿ" ಎಂದರು. ಆ 'ಒಂದ್ಸಲ' ಇವತ್ತು. ಅದಕ್ಕೆಂದೇ ಹೊಸದಾಗಿ ಒಂಬತ್ತು ಹಾಳೆ ತಂದು ಮೊದಲಿನ ಜಾಗಗಳಲ್ಲೇ ಇಟ್ಟಿದ್ದಾರೆ.

ಕೊಳದ ಮೇಲೆ ಮರವಿಲ್ಲ. ಮಳೆ ಸುರಿದರಷ್ಟೇ ಅಲ್ಲಿ ಸದ್ದು. ದಿನವಿಡೀ ಸುರಿಯುವ ಮಳೆಗೆ ಇವತ್ತೇ ಬಿಡುವು ಬೇಕಿತ್ತೇ? ವೇದಾವತಿ ಶೆಡ್ಡಿಗೆ ಓಡಿ ತಳ ತೂತಾದ ಬಕೆಟ್ ತರುತ್ತಾರೆ, ನೀರು ತುಂಬಿ ದೀಪದ ಕಂಬಕ್ಕೆ ನೇತುಹಾಕುತ್ತಾರೆ, ಹಾಳೆಯನ್ನು ಅದರ ಕೆಳಗೆ ಎಳೆಯುತ್ತಾರೆ. ಟಪ್, ಟಪ್, ಟಪ್.

ಆರೂಕಾಲಿಗೆ ವಿಘ್ನೇಶ್ವರ ಕೊಡೆ ಹಿಡಿದು ಬಂದು ನಿಲ್ಲುತ್ತಾರೆ. ಗೇಟಿನಲ್ಲಿ ಸೊಸೆಯ ಕೈ ಬಿಟ್ಟು ಗಜಾನನ ಹೊರಡುತ್ತಾರೆ. ರಂಜಲು ಮರ ದಾಟುತ್ತಾರೆ, ಬೆಂಚು ದಾಟುತ್ತಾರೆ. ಕೊಳದ ಹತ್ತಿರ ನಿಂತುಬಿಡುತ್ತಾರೆ. ವೇದಾವತಿ ಒಂದು ಹೆಜ್ಜೆ ಮುಂದಿಡುತ್ತಾರೆ.

"ವೇದಕ್ಕಾ, ಇವತ್ತಿನ ಹನಿ ತಾಳ ತಪ್ಪದೆ ಬೀಳ್ತಾ ಇದೆಯಲ್ಲ. ನಲ್ಲಿ ಹಾಕ್ಸಿದ್ಯಾ ಎಂತ?" ಎಂದು ನಕ್ಕು ಗಜಾನನ ಬಲಕ್ಕೆ ತಿರುಗಿ ನಡೆಯುತ್ತಾರೆ.

ವಿಘ್ನೇಶ್ವರ ಬಕೆಟನ್ನೇ ನೋಡುತ್ತಾರೆ. "ಇದು ಸೋರಿ ಮುಗಿದ್ರೆ?"

"ಮತ್ತೆ ತುಂಬ್ತೀನಿ."

"ಸರಿ. ಹಾಳೆ ಇರ್ಲಿ" ಎಂದು ಅಧ್ಯಕ್ಷರು ಕೊಡೆ ಮಡಚುತ್ತಾರೆ.

ಗಜಾನನ ಬರುವ ಮೊದಲು ದಿನವೂ ಕಣ್ಣು ಮುಚ್ಚಿ ಒಂದು ಸುತ್ತು ಹಾಕುವುದೇಕೆ ಎಂದು ಕೇಳಿದರೆ ವೇದಾವತಿ ಪೊರಕೆಯ ಹಿಡಿಯನ್ನು ನೆಲಕ್ಕೆ ಕುಟ್ಟಿ ಕಡ್ಡಿ ಸರಿಮಾಡಿಕೊಳ್ಳುತ್ತಾರೆ. "ಎಡವೋದಿದ್ರೆ ಮೊದ್ಲು ನಾನೇ ಎಡವ್ಬೇಕು. ನಾನಾದ್ರೆ ಕಣ್ಣು ಬಿಟ್ಕಬಹುದು."