ಮೂರು ಕಡ್ಡಿಯ ನೇರಳೆ ಮರ

ರೇಂಜ್ ಹುಡುಕುವವರು ಊರಿಗೊಬ್ಬರಾದರೂ ಇರುತ್ತಾರೆ. ಮಾಸ್ತಿಕಟ್ಟೆ ಕಡೆಯ ಈ ಊರಿಗೆ ನಾಗವೇಣಮ್ಮ. ಸಂಜೆಯಾಯಿತೆಂದರೆ ಫೋನನ್ನು ಆರತಿ ತಟ್ಟೆಯಂತೆ ಮುಂದೆ ಹಿಡಿದು ಗುಡ್ಡ ಹತ್ತುತ್ತಾರೆ. ಅವರ ಪಾಲಿಗೆ ಕಾಡೆಂದರೆ ಫೋನಿನ ಮೂಲೆಯಲ್ಲಿ ಕಾಣುವ ರೇಂಜಿನ ಕಡ್ಡಿಗಳು: ಹಲಸಿನ ಮರದಡಿ ಒಂದು, ಹಾಸುಬಂಡೆಯ ಮೇಲೆ ಎರಡು, ತುದಿಯ ನೇರಳೆ ಮರದ ಬುಡದಲ್ಲಿ ಮೂರು. "ಈ ದರಿದ್ರ ಮರಗಳೇ ಅಡ್ಡ ನಿಂತು ರೇಂಜ್ ನುಂಗ್ತಾವೆ" ಎಂದು ಬೈಯುತ್ತಲೇ, ಅದೇ ಮರದ ನೆರಳಲ್ಲಿ ಕೂತು 'ಮೊಬೈಲ್ ಬಿಡಿ, ನಿಸರ್ಗದಲ್ಲಿ ನಡೆಯಿರಿ' ಎಂಬ ಮೆಸೇಜನ್ನು ಎಲ್ಲ ಗ್ರೂಪಿಗೂ ಕಳಿಸುತ್ತಾರೆ. ಅತ್ತೆಯ ಪಾಡು ನೋಡಲಾರದೆ ಹೋದ ತಿಂಗಳು ಸೊಸೆ ಸೌಜನ್ಯಾ ಮನೆಗೇ ವೈಫೈ ಹಾಕಿಸಿದಳು. ಈಗ ಬಚ್ಚಲಲ್ಲೂ ಮಾತು ಸ್ಪಷ್ಟ. ಆದರೂ ತೀರ್ಥಹಳ್ಳಿ ಪೇಟೆಯಲ್ಲಿರುವ ಅಕ್ಕನಿಗೆ ಫೋನ್ ಮಾಡಬೇಕೆಂದರೆ ನಾಗವೇಣಮ್ಮ ಚಪ್ಪಲಿ ಮೆಟ್ಟಿಯೇ ಸಿದ್ಧ. "ಇಲ್ಲೇ ಮಾತಾಡಿ ಅತ್ತೆ!" ಎಂದರೆ, "ನಿನ್ನ ವೈಫೈಲಿ ಅಕ್ಕನ ಸ್ವರ ಒಡೆದೊಡೆದು ಬರುತ್ತೆ ಕಣೇ" ಎನ್ನುತ್ತಾರೆ. ನೇರಳೆ ಬುಡದಲ್ಲಿ ಊರ ಸುದ್ದಿಯೆಲ್ಲ ಮುಗಿದ ಮೇಲೆ, ಮಂಡಿನೋವಿನಿಂದ ಮನೆಯ ಮೆಟ್ಟಿಲನ್ನೂ ಇಳಿಯಲಾಗದ ಅಕ್ಕ ದಿನವೂ ಹೇಳುವುದು ಒಂದೇ ಮಾತು: "ಸಾಕು ಮಾರಾಯ್ತಿ ನಿನ್ನ ಸುದ್ದಿ, ಇನ್ನು ಫೋನನ್ನ ಕಾಡಿನ ಕಡೆ ಹಿಡಿ, ಅದರ ಸದ್ದು ಕೇಳ್ತೀನಿ." ನಾಗವೇಣಮ್ಮ ಬಾಯಿ ಮುಚ್ಚಿ, ಕೈ ಸೋಲುವವರೆಗೂ ಹಿಡಿದೇ ಇರುತ್ತಾರೆ.