ನಜೀರ್ ಸಾಹೇಬರ ಸ್ಟೇರಿಂಗ್

ಶಿವಾಜಿನಗರದ ನಮ್ಮ ಗ್ಯಾರೇಜಿನಲ್ಲಿ ಸಿಟ್ಟು ನನ್ನದು, ತಾಳ್ಮೆ ನಯಾಜನದು. ಹಳೆ ಕಾರಿನ ಬಿಗಿದುಕೊಂಡ ಸ್ಟೇರಿಂಗ್ ಬಿಚ್ಚುವ ಮೊದಲು ಅವನದೊಂದು ಪದ್ಧತಿ. ಅದನ್ನು ಕೊನೆಯದಾಗಿ ತಿರುಗಿಸಿದವರೇ ಬಂದು ಸೀಟಿನಲ್ಲಿ ಕೂತು ಹಿಡಿದುಕೊಳ್ಳಬೇಕು. "ಯಾರ ಕೈ ಬಿಗಿ ಮಾಡ್ತೋ, ಅದೇ ಕೈ ಬಿಡ್ಬೇಕು ಗುರು" ಎನ್ನುತ್ತಾನೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಕುಕ್ ಟೌನಿನ ಮೆಹರುನ್ನೀಸಾ ಅವರ ಕಾರಿಗೆ ಆ ಪದ್ಧತಿ ನಡೆಯುವಂತಿರಲಿಲ್ಲ. ಅವರ ಗಂಡ ನಜೀರ್ ಸಾಹೇಬರು ವರ್ಷಗಳ ಹಿಂದೆ ಶೆಡ್ಡಿಗೆ ಕಾರನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿ, ಸ್ಟೇರಿಂಗ್ ಹಿಡಿದುಕೊಂಡೇ ಪ್ರಾಣ ಬಿಟ್ಟಿದ್ದರು. ಎಡಕ್ಕೆ ತಿರುಗಿದ್ದ ಗಾಲಿಗಳು ಹಾಗೆಯೇ ಬಿಗಿದುಹೋಗಿದ್ದವು. ಈಗ ಬಂಗಲೆ ಮಾರಾಟವಾಗಿತ್ತು, ಮರುದಿನ ಶೆಡ್ಡು ಒಡೆಯುವವರು ಬರುತ್ತಿದ್ದರು. ಗಾಲಿ ನೆಟ್ಟಗಾಗದಿದ್ದರೆ ಕಾರು ಆ ಇಕ್ಕಟ್ಟಿನ ಗೇಟು ದಾಟುವುದಿಲ್ಲ. ಗುಜರಿಯವರು ಅಲ್ಲೇ ಕತ್ತರಿಸುತ್ತಾರೆ.

"ಸೀಟಲ್ಲಿ ಯಾರು ಕೂರೋದು?" ಎಂದ ನಯಾಜ್.

"ಸತ್ತೋರನ್ನ ಎಬ್ಬಿಸ್ಕೊಂಡ್ ಬರ್ಲಾ? ನಾನೇ ಕೂರ್ತೀನಿ. ಕೆಳಗೆ ನುಗ್ಗು" ಎಂದು ರೇಗಿದೆ.

ಅವನು ಅಡಿಯಲ್ಲಿ ಮಲಗಿ, ಸ್ಟೇರಿಂಗನ್ನು ಗಾಲಿಗೆ ಸೇರಿಸುವ ಕಂಬಿಯ ತುದಿಗೆ ಎರಡು ಬದಿಯಿಂದಲೂ ಸುತ್ತಿಗೆ ಕೊಟ್ಟ. ತುಕ್ಕು ಉದುರಿ ಕೀಲು ಬಿಟ್ಟಿತು. ಕಂಬಿಯನ್ನು ಹೊರಗೆ ತಳ್ಳಿದ.

"ಯಾಕ್ ತಿರುಗಿಸ್ತಿದೀಯ ಮುನಿರಾಜಪ್ಪ? ನನ್ನ ಕೈ ಸಿಕ್ಕಾಕೊಳ್ಳತ್ತೆ" ಎಂದ ಅಡಿಯಿಂದಲೇ.

ನನ್ನ ಎರಡೂ ಕೈ ತೊಡೆಯ ಮೇಲಿದ್ದವು. ಕಂಬಿ ನೆಲದ ಮೇಲಿತ್ತು. ಎದುರಿಗೆ ಸ್ಟೇರಿಂಗ್ ಮೆಲ್ಲಗೆ ಬಲಕ್ಕೆ ತಿರುಗುತ್ತಿತ್ತು. ನಿಲ್ಲಿಸಲೆಂದು ಹಿಡಿದೆ. ಅದು ಬೆಚ್ಚಗಿತ್ತು, ಆಗಷ್ಟೇ ಯಾರೋ ಕೈ ತೆಗೆದಂತೆ.

ಕೆಳಗಿಳಿದ ನಾನು ಮತ್ತೆ ಆ ಸೀಟು ಹತ್ತಲಿಲ್ಲ. ನಯಾಜ್ ಕೀಲು ತೊಳೆದು, ಗ್ರೀಸ್ ತುಂಬಿ, ಕಂಬಿ ಕೂಡಿಸಿ ಗಾಲಿ ನೆಟ್ಟಗೆ ಮಾಡಿದ.

ಎಂಜಿನ್ ಸತ್ತಿದ್ದರಿಂದ ಕಾರನ್ನು ತಳ್ಳಿಯೇ ಹೊರಗೆ ತರಬೇಕಿತ್ತು. ಮೆಹರುನ್ನೀಸಾ ಬಂದು, ತಾವು ಯಾವಾಗಲೂ ಕೂರುತ್ತಿದ್ದ ಎಡಗಡೆಯ ಸೀಟಿನಲ್ಲಿ ಕೂತರು. ನಯಾಜ್ ಬಲಗಡೆಯ ಬಾಗಿಲಿಗೆ ಕೈ ಹಾಕಿದ.

"ಅಲ್ಲಿ ಬೇಡ ನಯಾಜ್ ಭಾಯಿ. ಇಬ್ರೂ ಹಿಂದೆ ಹೋಗಿ."

"ಗೇಟಿಗೆ ಹೊಡೆಯತ್ತೆ ಆಪಾ."

"ಅವ್ರು ಒಂದ್ಸಲಾನೂ ಹೊಡ್ದಿಲ್ಲ."

ತಳ್ಳಿದೆವು. ಗೇಟಿನ ಮುಂದೆ ದಾರಿ ಎಡಕ್ಕೆ ಬಾಗುತ್ತದೆ. ಹಿಂದಿನ ಗಾಜಿನಲ್ಲಿ ನೋಡಿದೆ: ಆಕೆಯ ಕೈಗಳು ಮಡಿಲಲ್ಲಿದ್ದವು. ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಹೋಯಿತು, ಆಮೇಲೆ ನೆಟ್ಟಗಾಯಿತು.

"ಮುಂದೆ ನೋಡ್ಬೇಡ" ಎಂದ ನಯಾಜ್, ತಲೆ ತಗ್ಗಿಸಿಕೊಂಡು. "ತಳ್ಳು."

ಗೇಟಿನ ಎರಡೂ ಕಂಬಗಳಿಗೆ ತಾಗದೆ ಕಾರು ಬೀದಿಗಿಳಿಯಿತು.