ಗುರಪ್ಪನ ಕೊರಳ ಗುಂಡಿ

ಇಂಗಳೇಶ್ವರದ ಗುರಪ್ಪನಿಗೆ ಹೊಲ ಇತ್ತು, ಊರ ಕಟ್ಟೆಯಲ್ಲಿ ಮಾತಿಗೆ ಬೆಲೆ ಇತ್ತು, ಎಲ್ಲಕ್ಕಿಂತ ಮಿಗಿಲಾಗಿ ಅಂಗಿಯ ಕೊರಳಿಗೊಂದು ಗುಂಡಿ ಇತ್ತು. ಬೇಸಿಗೆಯಲ್ಲಿ ನಾಯಿಗಳು ನಾಲಿಗೆ ಚಾಚಿ ಮಲಗಿದಾಗಲೂ ಆ ಗುಂಡಿ ಬಿಚ್ಚಿದ್ದನ್ನು ಕಂಡವರಿಲ್ಲ. “ಕೊರಳು ತೆರೆದಾಂವ ಉಡಾಳ” ಎಂಬುದು ಅವನ ಸಿದ್ಧಾಂತ. ಅರವತ್ತು ದಾಟಿ ಕೊರಳು ದಪ್ಪವಾಯಿತು. ಅಂಗಿಯ ಅಳತೆ ಮಾತ್ರ ಮದುವೆಯಾದಾಗಿನದೇ. ಹೊಸ ಅಳತೆ ಕೊಡುವುದೆಂದರೆ ಸೋತಂತಲ್ಲವೇ!

ಆ ವರ್ಷ ಗುರಪ್ಪ ಬೀಳತೊಡಗಿದ. ಯಾರಾದರೂ ಹಿಂದಿನಿಂದ ಕೂಗಿದರೆ ಗತ್ತಿನಿಂದ ಕತ್ತು ಹೊರಳಿಸುತ್ತಿದ್ದ. ಕಣ್ಣು ಕತ್ತಲಿಟ್ಟು ಹಾಗೆಯೇ ಕುಸಿಯುತ್ತಿದ್ದ. ಜನ ನೀರು ಚಿಮುಕಿಸಿ ಗುಂಡಿ ಬಿಚ್ಚಿದೊಡನೆ ಎದ್ದು ಕೂತು, ಮೊದಲು ಗುಂಡಿ ಹಾಕಿಕೊಳ್ಳುತ್ತಿದ್ದ. ನೆರೆಮನೆಯ ಹೊನ್ನವ್ವ ದೃಷ್ಟಿ ತೆಗೆದಳು. ಹೆಂಡತಿ ಇಂದುಬಾಯಿ ನಿಜವಾಗಿ ಹೆದರಿದಳು. ಮಗಳು ಐಶ್ವರ್ಯಳ ಮದುವೆ ಹತ್ತಿರ ಬಂದಿತ್ತು. ಅಪ್ಪ ಹಂದರದಲ್ಲಿ ಬಿದ್ದರೆ? ಗುರಪ್ಪನಿಗೂ ಒಳಗೊಳಗೆ ಅದೇ ಚಿಂತೆ. ಮಗಳ ತಲೆಗೆ ಅಕ್ಕಿಕಾಳು ಹಾಕುವಾಗ ನೆಟ್ಟಗೆ ನಿಂತಿರಬೇಕು, ಬೇರೇನೂ ಬೇಡ ಅವನಿಗೆ.

ಇಂದುಬಾಯಿ ಗಂಡನನ್ನು ಬಾಗೇವಾಡಿಗೆ ಕರೆದೊಯ್ದಳು. ಅಲ್ಲಿ ಡಾಕ್ಟರ್ ಮೃಣಾಲಿನಿ ಅವನ ಎದೆಗೆ ಇಸಿಜಿ ತಂತಿ ಹಚ್ಚಿ, ದವಡೆಯ ಕೆಳಗೆ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಯಂತ್ರದ ಗೆರೆ ಒಂದು ಕ್ಷಣ ಮಲಗಿಯೇ ಬಿಟ್ಟಿತು.

“ಕಾಕಾ, ಕೊರಳಿನ ರಕ್ತನಾಳದಾಗ ನರಗೋಳು ಕಾವಲು ಕುಂತಿರ್ತಾವ್ರಿ. ಒತ್ತಡ ಏರಿದ್ರ ಮೆದುಳಿಗೆ ಸುದ್ದಿ ಮುಟ್ಟಸ್ತಾವು, ಮೆದುಳು ಹೃದಯದ ಹಗ್ಗ ಜಗ್ಗತೈತಿ. ನಿಮ್ಮ ಕಾಲರ್ ಒತ್ತಿದ್ರೂ ಬಿಪಿ ಏರೈತಿ ಅಂತ ತಿಳ್ಕೊಂಡಬಿಡ್ತಾವು. ಹೃದಯ ನಿಧಾನ ಆಗ್ತೈತಿ, ಬಿಪಿ ಇಳೀತೈತಿ, ನೀವು ನೆಲಕ್ಕ.”

“ಮತ್ತ ಇಕಿ ಬೈದಾಗ ಎದಿ ಡವಡವ ಅಂತೈತಲ್ರೀ?” ಗುರಪ್ಪ ಹೆಂಡತಿಯತ್ತ ಬೆರಳು ತೋರಿಸಿದ.

“ಅದು ಬ್ಯಾರೆ. ಅಂಜಿದಾಗ ಮೂತ್ರಪಿಂಡದ ಮ್ಯಾಲಿನ ಗ್ರಂಥಿ ರಕ್ತದಾಗ ಅಡ್ರಿನಲಿನ್ ಬಿಡ್ತೈತಿ. ಅದು ಬಾರಕೋಲು ಇದ್ದಂಗ್ರಿ, ಹೃದಯ ಓಡ್ತೈತಿ.”

“ಹಂಗಾರ ನಾನೂ ಒಂದು ಔಷಧಾನ ಬಿಡ್ರಿ!” ಎಂದಳು ಇಂದುಬಾಯಿ.

ಡಾಕ್ಟರು ಹೇಳಿದ್ದು ಇಷ್ಟೇ: ಕೊರಳು ಸಡಿಲವಿರಲಿ, ಕತ್ತು ನಿಧಾನ ಹೊರಳಲಿ. ಗುರಪ್ಪ ಮನೆಯೊಳಗೆ ಗುಂಡಿ ಬಿಚ್ಚಿದ, ಓಣಿಗೆ ಬಂದೊಡನೆ ಹಾಕಿಕೊಂಡ. ಹುಟ್ಟುಗುಣ ಸುಟ್ಟರೂ ಹೋಗದು.

ಮದುವೆಯ ದಿನ ನಿಡಗುಂದಿಯ ಬೀಗರು ಅವನಿಗೆ ಆಯೇರು ತಂದರು: ಗಟ್ಟಿ ಕೊರಳುಪಟ್ಟಿಯ ನೆಹರು ಅಂಗಿ. ಬೀಗರ ಆಯೇರು ತೊಡದಿದ್ದರೆ ಅವಮಾನ; ತೊಟ್ಟು ಕೊರಳು ತೆರೆದು ನಿಂತರೆ, ಅವನ ಪ್ರಕಾರ, ಅದಕ್ಕಿಂತ ದೊಡ್ಡ ಅವಮಾನ. ಇಂದುಬಾಯಿ ಕಣ್ಣಲ್ಲೇ ಬೇಡಿಕೊಂಡಳು. ಮದುಮಗಳು ಐಶ್ವರ್ಯಳೇ ಅಂಗಿಯನ್ನು ಒಳಗೊಯ್ದು, ಮಡಿಕೆ ಬಿಡಿಸಿ, ಅಪ್ಪನಿಗೆ ತಂದುಕೊಟ್ಟಳು.

“ಬರ್ರಿ, ಹೊತ್ತಾತು!” ಎಂದು ಜನ ಕೂಗುತ್ತಿದ್ದರು. ಗುರಪ್ಪ ಗುಂಡಿ ಹಾಕಿಕೊಳ್ಳುತ್ತಲೇ ಹಂದರಕ್ಕೆ ಬಂದು ನಿಂತ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಯಾರೂ ಬೈದಿರಲಿಲ್ಲ. ಕೆಳಗಿನಿಂದ ಏರಿದ ಬೆರಳು ಕೊರಳ ಹತ್ತಿರ ತಡವರಿಸಿತು. ಅಲ್ಲಿ ಗುಂಡಿ ಇರಲಿಲ್ಲ, ಕತ್ತರಿಸಿದ ದಾರದ ತುದಿ ಮಾತ್ರ ಇತ್ತು.

“ಅಪ್ಪಾ,” ಹಿಂದಿನಿಂದ ಕರೆದಳು ಐಶ್ವರ್ಯ.

ಡಾಕ್ಟರು ಹೇಳಿದ್ದೆಲ್ಲ ಮರೆತು ಗುರಪ್ಪ ಗಕ್ಕನೆ ಹೊರಳಿ ನೋಡಿದ. ಬೀಳಲಿಲ್ಲ.

ಅವಳು ಮದರಂಗಿಯ ಕೈ ಬಿಚ್ಚಿದಳು. ಅಂಗೈಯಲ್ಲಿ ಗುಂಡಿ ಇತ್ತು. “ಇವತ್ತೊಂದಿನ ಉಡಾಳ ಆಗು.”

ಗುರಪ್ಪನ ಕಣ್ಣು ತುಂಬಿ ಬಂತು. ಊರೆಲ್ಲ ನೋಡುತ್ತಿರಲು, ಕೊರಳು ತೆರೆದುಕೊಂಡೇ ಮಗಳ ತಲೆಗೆ ಅಕ್ಕಿಕಾಳು ಹಾಕಿದ.